ಮಾವನ ಗಾಲ್ಫ್ ಸ್ವಿಂಗ್‌ಗೆ ಒಂದು ಉದ್ದದ ಉತ್ತರ

ಮಾವ, ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ಇವತ್ತಿಗೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಹಿಂದೆ ಕುಕ್ಕರ್ ಕೂಗುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ.

ನಿನ್ನೆ ಗ್ರೂಪಿಗೆ ಹಾಕಿದ ನಿಮ್ಮ ಗಾಲ್ಫ್ ವಿಡಿಯೋ ನಾಲ್ಕು ಸಲ ನೋಡಿದೆ. ಬಾಲ್ ಬಲಕ್ಕೇ ಓಡುತ್ತದೆ, 50 ಬಾಲ್ ಹೊಡೆಯುವಷ್ಟರಲ್ಲಿ ಸೊಂಟ ಹಿಡಿಯುತ್ತದೆ, ತಲೆಯನ್ನಂತೂ ಒಂದಿಂಚೂ ಅಲ್ಲಾಡಿಸುತ್ತಿಲ್ಲ ಅಂತ ಬರೆದಿದ್ದಿರಿ. ಮಾವ, ತಂಟೆ ಇರುವುದೇ ಆ ತಲೆಯಲ್ಲಿ! ತಪ್ಪು ತಿಳಿಯಬೇಡಿ.

ತಲೆ ಅಲ್ಲಾಡಿಸಬಾರದು ಅಂತ ಯಾರೋ ಹೇಳಿದ್ದಕ್ಕೆ ನೀವು ಗದ್ದವನ್ನು ಎದೆಗೇ ಅಂಟಿಸಿಕೊಂಡಿದ್ದೀರಿ. ಆಮೇಲೆ ಎಡ ಭುಜ ಒಳಗೆ ಬರುವುದಕ್ಕೆ ಜಾಗ ಎಲ್ಲಿದೆ? ಭುಜ ತಿರುಗದಿದ್ದರೆ ಕೈಗಳೇ ಕ್ಲಬ್ಬನ್ನು, ಅಂದರೆ ಗಾಲ್ಫ್ ಕೋಲನ್ನು, ಎತ್ತುತ್ತವೆ. ಇಳಿಯುವಾಗ ಹೊರಗಿನಿಂದ ಒಳಕ್ಕೆ ಕೊಯ್ದ ಹಾಗೆ ಬರುತ್ತದೆ, ಕ್ಲಬ್ಬಿನ ಮುಖವೂ ತೆರೆದಿರುತ್ತದೆ. ಬಾಲ್ ಬಲಕ್ಕೆ ಬಾಗದೆ ಇನ್ನೇನು ಮಾಡೀತು?

ಮೊದಲು ನಿಲ್ಲುವುದನ್ನು ಸರಿ ಮಾಡಿ. ನೀವು ಬೆನ್ನು ಬಾಗಿಸುತ್ತಿದ್ದೀರಿ, ಬ್ಯಾಂಕಿನಲ್ಲಿ ಲೆಡ್ಜರ್ ಮೇಲೆ ಬಾಗುತ್ತಿದ್ದಿರಲ್ಲ, ಥೇಟ್ ಹಾಗೇ. ಬಾಗಬೇಕಾದದ್ದು ತೊಡೆಸಂದಿನಲ್ಲಿ, ಅಂದರೆ ಹಿಪ್‌ನಲ್ಲಿ. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಂತು, ಕುಂಡಿ ಹಿಂದಕ್ಕೆ ತಳ್ಳಿ ಗೋಡೆಗೆ ತಾಗಿಸಿ. ಎರಡೂ ಕೈಯಲ್ಲಿ ಸಾಮಾನಿದ್ದಾಗ ಫ್ರಿಜ್ ಬಾಗಿಲು ಮುಚ್ಚುತ್ತೇವಲ್ಲ, ಹಾಗೆ. ಮಂಡಿ ಸ್ವಲ್ಪ ಸಡಿಲ, ಕೈ ಜೋತುಬಿದ್ದಿರಲಿ. ಇಷ್ಟೇ.

ಇನ್ನು ತಿರುಗುವುದು. ಅಜ್ಜಿ ಮಜ್ಜಿಗೆ ಕಡೆಯುತ್ತಿದ್ದುದು ನೆನಪಿದೆಯಾ? ಹಗ್ಗ ಆಚೆ ಈಚೆ ಎಳೆದರೂ ಕಡೆಗೋಲು ನಿಂತಲ್ಲೇ ತಿರುಗುತ್ತಿತ್ತು. ಅದು ವಾಲಿದರೆ ಮಜ್ಜಿಗೆಯೆಲ್ಲ ನೆಲಕ್ಕೆ. ನೀವು ತಿರುಗುತ್ತಿಲ್ಲ, ತಲೆ ನಿಂತಲ್ಲೇ ಇದ್ದರೂ ಸೊಂಟವನ್ನು ಎಡಕ್ಕೂ ಬಲಕ್ಕೂ ವಾಲಿಸುತ್ತಿದ್ದೀರಿ.

ಸೊಂಟ ಯಾಕೆ ಹಿಡಿಯುತ್ತದೆ ಅಂದರೆ, ಕೆಳಬೆನ್ನಿನ 5 ಮೂಳೆಗಳು ತಿರುಗುವುದು ತೀರಾ ಕಮ್ಮಿ. ಅವು ಬಾಗುವುದಕ್ಕೆ, ಭಾರ ಹೊರುವುದಕ್ಕೆ ಇರುವಂಥವು. ತಿರುಗುವ ಕೆಲಸ ಮೇಲಿನ ಬೆನ್ನಿನ 12 ಮೂಳೆಗಳದ್ದು, ಕೆಳಗೆ ತೊಡೆಸಂದಿನದ್ದು. ಇವೆರಡೂ ಬಿಗಿಯಾಗಿದ್ದರೆ ನಡುವಿನ ಪಾಪದವರ ಮೇಲೆ ಎಲ್ಲ ಬೀಳುತ್ತದೆ. ಟಿವಿಯಲ್ಲಿ ಕಾಣುವ ಆಟಗಾರರ ಭುಜ ಸುಮಾರು 90 ಡಿಗ್ರಿ ತಿರುಗಿದರೆ ಹಿಪ್ 45ರ ಆಸುಪಾಸು. ನಿಮಗೆ ಅದು ಬೇಡ. ಬಲ ಹಿಪ್ ಹಿಂದಕ್ಕೆ ಹೋಗಲಿ, ಎಡ ಹಿಮ್ಮಡಿ ಎದ್ದರೆ ಏಳಲಿ ಬಿಡಿ. ಅಮೆರಿಕದ ದೊಡ್ಡ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ಹಿಮ್ಮಡಿ ಎತ್ತಿಯೇ ತಿರುಗುತ್ತಿದ್ದವರು. ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳಾದ ಮೇಜರ್‌ಗಳನ್ನು 18 ಸಲ ಗೆದ್ದರು, ಅವುಗಳಲ್ಲೊಂದಾದ ಮಾಸ್ಟರ್ಸ್ ಅನ್ನು 1986ರಲ್ಲಿ ಗೆದ್ದಾಗ 46 ವರ್ಷ. ನಿಮಗೆ 63, ಇನ್ನೂ ಎತ್ತಿದರೂ ಯಾರೂ ಕೇಳುವುದಿಲ್ಲ.

ಮುಂಬೈ ಮಳೆಯಲ್ಲಿ ಅಭ್ಯಾಸದ ಮೈದಾನಕ್ಕೆ (ರೇಂಜ್‌ಗೆ) ಹೋಗಲಾಗದ ದಿನ ಮನೆಯಲ್ಲೇ ಮಾಡಿ. ಕ್ಲಬ್ಬನ್ನು ಎರಡೂ ಭುಜಕ್ಕೆ ಅಡ್ಡ ಇಟ್ಟು, ಕೈ ಕಟ್ಟಿ ಹಿಡಿದುಕೊಳ್ಳಿ. ಬಾಗಿ ನಿಂತು ನಿಧಾನ ಬಲಕ್ಕೆ ತಿರುಗಿ. ಕ್ಲಬ್ಬಿನ ಎಡತುದಿ ಬಾಲ್ ಇರುವ ಕಡೆ ತೋರಿಸಬೇಕು, ಎದುರಿನ ಗೋಡೆಯನ್ನಲ್ಲ. ದಿನಕ್ಕೆ ಹತ್ತು ಹನ್ನೆರಡು ಸಲ ಸಾಕು. ಪೂರಾ ಸ್ವಿಂಗ್ ಮಾತ್ರ ಒಳಗೆ ಬೇಡ. ನಾನು ಪುಣೆಗೆ ಬಂದ ಹೊಸದರಲ್ಲಿ ಹಾಲ್‌ನಲ್ಲಿ ಬೀಸಿ ಟ್ಯೂಬ್‌ಲೈಟ್ ಒಡೆದಿದ್ದೆ, ಇವಳು ಇವತ್ತಿಗೂ ನೆಂಟರ ಮುಂದೆ ಹೇಳುತ್ತಾಳೆ.

ಮತ್ತೊಂದು ಮರೆತಿದ್ದೆ. ಬಾಲ್ ಎತ್ತೋಣ ಅಂತ ಕೊನೆಗೆ ಹಿಂದಕ್ಕೆ ವಾಲುತ್ತಿದ್ದೀರಿ. 7 ಐರನ್ ಅನ್ನೋ ಕ್ಲಬ್ಬಿನ ಮುಖದಲ್ಲೇ 30 ಡಿಗ್ರಿಯಷ್ಟು ಓರೆ ಇದೆ, ಎತ್ತುವ ಕೆಲಸ ಅದು ಮಾಡುತ್ತದೆ. ಮುಗಿಸುವಾಗ ಬೆಲ್ಟಿನ ಬಕಲ್ ಗುರಿಯ ಕಡೆ ನೋಡಲಿ, ಭಾರ ಎಡಗಾಲಿಗೆ.

ಹಾಂ, ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಇದ್ಯಾವುದೂ ಬೇಡ, ಮೊದಲು ಡಾಕ್ಟರ್. ಇಲ್ಲದಿದ್ದರೆ ಮುಂದಿನ ಭಾನುವಾರ ಇನ್ನೊಂದು ವಿಡಿಯೋ ಕಳಿಸಿ. ಅತ್ತೆಗೆ ಹೇಳಿ, ಈ ಸಲ ನಿಮ್ಮ ಬಲಗಡೆ ನಿಂತು ತೆಗೆಯಲಿ, ಬಾಲ್ ಹೋಗುವ ದಿಕ್ಕು ಕಾಣಬೇಕು. ಮುಖ ಬರದಿದ್ದರೂ ಪರವಾಗಿಲ್ಲ.