‘ಗೆಟ್’ ಕ್ರಿಯಾಪದದ ಮುಂದೆ ಯಾವ ಪದ ಬರಬೇಕು?

ಪ್ರಶ್ನೆ

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬ ಹುಡುಗಿಯ ನೋಟ್‌ಬುಕ್ಕಿನಲ್ಲಿ ‘ಐ ಗಾಟ್ ಟು ಹೋಮ್ ಲೇಟ್’ ಎಂದೂ, ಅದರ ಕೆಳಗೇ ‘ಮೈ ಫಾದರ್ ಗಾಟ್ ಆ್ಯಂಗರ್’ ಎಂದೂ ಬರೆದಿತ್ತು. ಎರಡನ್ನೂ ತಿದ್ದಿದೆ. ಆದರೆ ‘ಗಾಟ್ ಎ ಪ್ರೈಜ್ ಸರಿ ಎನ್ನುತ್ತೀರಿ, ಗಾಟ್ ಆ್ಯಂಗರ್ ಏಕೆ ತಪ್ಪು ಮಿಸ್?’ ಎಂದು ಅವಳು ಕೇಳಿದಾಗ ನನ್ನ ವಿವರಣೆ ನನಗೇ ಸಮಾಧಾನ ಕೊಡಲಿಲ್ಲ. ಮಕ್ಕಳಿಗೆ ತಿಳಿಯುವಂತೆ ಇದನ್ನು ಹೇಗೆ ಹೇಳಬೇಕು?

ಉತ್ತರ 1

ಮೇಡಂ, ಆ ಹುಡುಗಿಯ ತಪ್ಪಿನ ಬೇರು ಕನ್ನಡದಲ್ಲಿದೆ. ನಮ್ಮಲ್ಲಿ ಕೋಪ, ಹಸಿವು, ಸುಸ್ತು ಎಲ್ಲವೂ ನಾಮಪದಗಳು. ಅವಕ್ಕೆ ‘ಬರು’ ಅಥವಾ ‘ಆಗು’ ಸೇರಿಸಿ ‘ಅಪ್ಪನಿಗೆ ಕೋಪ ಬಂತು’, ‘ನನಗೆ ಸುಸ್ತಾಯಿತು’ ಎನ್ನುತ್ತೇವೆ. ಬಹುಮಾನ ಬಂದಂತೆಯೇ ಕೋಪವೂ ಬರುತ್ತದೆ, ಆದ್ದರಿಂದ ಅವಳು ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದಾಳೆ. ಇಂಗ್ಲಿಷಿನಲ್ಲಿ ‘ಗೆಟ್’ ಮುಂದೆ ಗುಣವಾಚಕ ಬಂದರೆ ಕರ್ತೃವಿನ ಸ್ಥಿತಿ ಬದಲಾಯಿತು ಎಂದರ್ಥ: ಗಾಟ್ ಆ್ಯಂಗ್ರಿ, ಗಾಟ್ ಟಯರ್ಡ್, ಗಾಟ್ ವೆಟ್. ನಾಮಪದ ಬಂದರೆ ಏನೋ ಕೈಗೆ ಸಿಕ್ಕಿತು ಎಂದರ್ಥ: ಗಾಟ್ ಎ ಲೆಟರ್, ಗಾಟ್ ಎ ಜಾಬ್. ಅನುಮಾನ ಬಂದಾಗ ‘ಗಾಟ್’ ತೆಗೆದು ‘ಬಿಕೇಮ್’ ಹಾಕಿ ನೋಡಲು ಹೇಳಿ. ಅದು ಹೊಂದಿದರೆ ಗುಣವಾಚಕ ಬೇಕು, ‘ರಿಸೀವ್ಡ್’ ಹೊಂದಿದರೆ ನಾಮಪದ. ನೆಗಡಿ ಮಾತ್ರ ಇಂಗ್ಲಿಷಿನಲ್ಲೂ ನಾಮಪದವೇ, ‘ಗಾಟ್ ಎ ಕೋಲ್ಡ್’. ಇದನ್ನು ಮೊದಲ ದಿನವೇ ಹೇಳಿ ಗೊಂದಲ ಮಾಡಬೇಡಿ.

ಉತ್ತರ 2

‘ಗಾಟ್ ಟು ಹೋಮ್’ ಎಂಬುದಕ್ಕೂ ಕಾರಣ ‘ಮನೆಗೆ’ ಎಂಬುದರಲ್ಲಿರುವ ನಮ್ಮ ಚತುರ್ಥಿ ವಿಭಕ್ತಿಯೇ. ಊರು, ಶಾಲೆ, ಆಸ್ಪತ್ರೆ ತಲುಪಿದರೆ ‘ಗಾಟ್ ಟು ಮೈಸೂರು’, ‘ಗಾಟ್ ಟು ಸ್ಕೂಲ್’ ಎಂದು ‘ಟು’ ಬೇಕೇ ಬೇಕು. ಆದರೆ ಹೋಮ್, ಹಿಯರ್, ದೇರ್ ಇಲ್ಲಿ ಕ್ರಿಯಾವಿಶೇಷಣಗಳಾಗಿರುವುದರಿಂದ ಆ ‘ಗೆ’ಯನ್ನು ತಮ್ಮೊಳಗೇ ಇಟ್ಟುಕೊಂಡಿವೆ.

ವಾಹನಗಳ ವಿಷಯವನ್ನು ತರಗತಿಯಲ್ಲಿ ಅಭಿನಯಿಸಿ ತೋರಿಸಬಹುದು. ಒಳಗೆ ನಿಂತು ನಡೆದಾಡಬಹುದಾದ ಬಸ್ಸು, ರೈಲು, ವಿಮಾನಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’. ತಲೆ ಬಗ್ಗಿಸಿ ಒಳಗೆ ಕೂರಬೇಕಾದ ಕಾರಿಗೆ ‘ಗೆಟ್ ಇಂಟು’, ‘ಗೆಟ್ ಔಟ್ ಆಫ್’. ಬೈಕು, ಕುದುರೆಗಳ ಬೆನ್ನೇರುವುದರಿಂದ ಅವಕ್ಕೂ ‘ಆನ್’. ‘ಬಸ್ಸಿನಿಂದ ಇಳಿ’ ಎಂಬುದಕ್ಕೆ ನಾವೆಲ್ಲ ‘ಗೆಟ್ ಡೌನ್’ ಎನ್ನುತ್ತೇವೆ. ಇದು ಭಾರತದ ಇಂಗ್ಲಿಷಿನಲ್ಲಿ ಬೇರೂರಿದ ಬಳಕೆಯಾದ್ದರಿಂದ ನಾನಂತೂ ಅದಕ್ಕೆ ಕೆಂಪು ಶಾಯಿ ಹಾಕುವುದಿಲ್ಲ. ಬ್ರಿಟನ್ನಿನಲ್ಲಿ ‘ಗೆಟ್ ಆಫ್’ ಎನ್ನುತ್ತಾರೆಂದು ಮಕ್ಕಳಿಗೆ ಗೊತ್ತಿದ್ದರೆ ಸಾಕು. ‘ಗಾಟ್ ಮ್ಯಾರೀಡ್ ವಿತ್’ ಎಂದು ಬರೆದರೆ ಮಾತ್ರ ತಿದ್ದಲೇಬೇಕು, ಅಲ್ಲಿ ‘ಟು’ ಬರಬೇಕು.

ಉತ್ತರ 3

ಮೊದಲ ಉತ್ತರಕ್ಕೆ ಒಂದು ಸೇರ್ಪಡೆ. ‘ಬಿಕೇಮ್’ ಪರೀಕ್ಷೆ ಬಹುಮಟ್ಟಿಗೆ ಕೆಲಸ ಮಾಡಿದರೂ ‘ನನಗೆ ತಡವಾಯಿತು’ ಎಂಬಲ್ಲಿ ಕೈಕೊಡುತ್ತದೆ. ಮಕ್ಕಳು ‘ಐ ಗಾಟ್ ಲೇಟ್’ ಎಂದು ಬರೆಯುತ್ತಾರೆ. ‘ಲೇಟ್’ ಗುಣವಾಚಕವೇ ಆದರೂ ಹಾಗೆ ಹೇಳುವ ರೂಢಿಯಿಲ್ಲ. ಹೊತ್ತು ಮೀರುತ್ತಿದ್ದರೆ ‘ಇಟ್ ಈಸ್ ಗೆಟಿಂಗ್ ಲೇಟ್’, ವ್ಯಕ್ತಿ ತಡವಾಗಿ ಬಂದರೆ ‘ಐ ವಾಸ್ ಲೇಟ್’. ಅರ್ಜಿಯಲ್ಲೋ ಔಪಚಾರಿಕ ಪತ್ರದಲ್ಲೋ ‘ಗಾಟ್ ಯುವರ್ ಲೆಟರ್’ ಎನ್ನುವ ಬದಲು ‘ರಿಸೀವ್ಡ್’ ಎಂದೇ ಬರೆಸಿ. ‘ಗೆಟ್’ ಆಡುಮಾತಿಗೆ ಹತ್ತಿರದ ಪದ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು ಅದೇ ಹುಡುಗಿಯನ್ನು ಹಲಗೆಯ ಬಳಿ ಕರೆದು ‘ಬಿಕೇಮ್’ ಹಾಕಿ ನೋಡಲು ಹೇಳಿದೆ. ‘ಬಿಕೇಮ್ ಆ್ಯಂಗರ್’ ಎಂದು ಬರೆದವಳು ಒಂದು ಕ್ಷಣ ನಿಂತು, ‘ಹಾಗಾದರೆ ಅಪ್ಪನೇ ಕೋಪ ಆಗಿಬಿಡುತ್ತಾರೆ ಮಿಸ್’ ಎಂದು ಕೊನೆಯ ಅಕ್ಷರಗಳನ್ನು ತಾನೇ ಅಳಿಸಿ ‘ಆ್ಯಂಗ್ರಿ’ ಮಾಡಿದಳು. ನಾಳೆ ಬಸ್ಸು ಮತ್ತು ಕಾರಿನ ಅಭಿನಯ ಮಾಡಿಸುತ್ತೇನೆ.