ಬೂಸಾನ್‌ನಿಂದ ಬೆಳಗ್ಗೆ ಹೋಗಿ ರಾತ್ರಿ ವಾಪಸ್: ಗ್ಯೊಂಗ್ಜುವಿಗೆ ರೈಲೋ ಬಸ್ಸೋ? ಉಳಿದ ಎರಡು ದಿನಕ್ಕೆ ಎಲ್ಲಿಗೆ?

ಪ್ರಶ್ನೆ

ಅಕ್ಟೋಬರ್ ಕೊನೇ ವಾರ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿರುತ್ತೇವೆ. ರೂಮು ಹೇವುಂದೆ ಬೀಚ್ ಹತ್ತಿರ. ಮೂರು ದಿನ ಪೂರ್ತಿ ಬಿಡುವಿದೆ. ಕಾರು ಬೇಡ, ಬಸ್ಸು ರೈಲಿನಲ್ಲೇ ಓಡಾಟ. ಜೊತೆಗೆ ಅಮ್ಮ ಇರುತ್ತಾರೆ. ಸಮತಟ್ಟು ದಾರಿಯಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲೆಂದರೆ ಮಂಡಿ ನೋವು.

ಒಂದು ದಿನ ಗ್ಯೊಂಗ್ಜು ಅಂತ ಗಟ್ಟಿಯಾಗಿದೆ. ಕೆಟಿಎಕ್ಸ್ ವೇಗದ ರೈಲಿನಲ್ಲಿ ಅರ್ಧ ಗಂಟೆ, ಬಸ್ಸಿಗೆ ಸುಮಾರು ಒಂದು ಗಂಟೆ ಅಂತ ತೋರಿಸುತ್ತದೆ. ಹಾಗಾದರೆ ರೈಲೇ ಸರಿ ತಾನೆ? ಉಳಿದ ಎರಡು ದಿನಕ್ಕೆ ತೊಂಗ್ದೋಸಾ ದೇವಸ್ಥಾನ, ಕಡಲ ತೀರದ ಊರು ತೊಂಗ್ಯೊಂಗ್ ಎರಡೂ ಮನಸ್ಸಿನಲ್ಲಿವೆ. ನಾವು ಸಸ್ಯಾಹಾರಿಗಳು.

ಉತ್ತರ 1

ಗ್ಯೊಂಗ್ಜುವಿಗೆ ಬಸ್ಸೇ ಹಿಡಿಯಿರಿ. ಕೆಟಿಎಕ್ಸ್‌ನ ಅರ್ಧ ಗಂಟೆ ಕಾಗದದ ಮೇಲಿನ ಲೆಕ್ಕ. ಆ ಸ್ಟೇಷನ್ ಊರಿನಿಂದ ಹೊರಗೆ ಹತ್ತು ಕಿ.ಮೀ. ಆಸುಪಾಸಿನಲ್ಲಿದೆ, ಅಲ್ಲಿಂದ ಸಿಟಿ ಬಸ್ಸಿಗೆ ಕಾದು ಒಳಗೆ ಬರುವಷ್ಟರಲ್ಲಿ ಉಳಿಸಿದ ಸಮಯವೆಲ್ಲ ಹೋಗಿರುತ್ತದೆ. ಬೂಸಾನ್‌ನ ನೊಪೊ ಬಸ್ ಟರ್ಮಿನಲ್ಲಿನಿಂದ ಹೊರಡುವ ಬಸ್ಸು ಊರ ನಡುವೆಯೇ ಇಳಿಸುತ್ತದೆ. ಅಲ್ಲಿಂದ ದೇರುಂಗ್ವೊನ್ ಸಮಾಧಿ ದಿಬ್ಬಗಳಿಗೆ ನಡೆದೇ ಹೋಗಬಹುದು.

ಹಳೆಯ ಬ್ಲಾಗ್‌ಗಳ ಬಗ್ಗೆ ಎಚ್ಚರ. ಊರ ಮಧ್ಯದ ಹಳೇ ಗ್ಯೊಂಗ್ಜು ಸ್ಟೇಷನ್ನೂ ಬುಲ್ಗುಕ್ಸಾ ಸ್ಟೇಷನ್ನೂ 2021ರ ಡಿಸೆಂಬರ್‌ನಲ್ಲಿ ಮುಚ್ಚಿದವು. 2023ರ ಕೊನೆಗೆ ಹೊರಗಿನ ಶಿನ್‌ಗ್ಯೊಂಗ್ಜು ಸ್ಟೇಷನ್ನಿಗೇ ‘ಗ್ಯೊಂಗ್ಜು’ ಅಂತ ಹೆಸರಿಟ್ಟರು. ಹಾಗಾಗಿ ‘ಗ್ಯೊಂಗ್ಜು ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರ’ ಅಂತ ಎಲ್ಲಾದರೂ ಓದಿದರೆ ಅದು ಈಗ ಇಲ್ಲದ ಸ್ಟೇಷನ್ನಿನ ಮಾತು.

ದಿನದ ಕ್ರಮ ಮುಖ್ಯ. ಟರ್ಮಿನಲ್ಲಿನಲ್ಲಿ ಇಳಿದ ಕೂಡಲೇ ದೂರದ ಬುಲ್ಗುಕ್ಸಾ ದೇವಸ್ಥಾನಕ್ಕೆ ಹೋಗಿ, ಹತ್ತಿರದ್ದನ್ನು ಸಂಜೆಗೆ ಬಿಡಿ. 10 ಮತ್ತು 11ನೇ ನಂಬರಿನ ಸಿಟಿ ಬಸ್ಸುಗಳು ಒಂದೇ ಸುತ್ತನ್ನು ಎದುರುಬದುರು ದಿಕ್ಕಿನಲ್ಲಿ ಹೊಡೆಯುತ್ತವೆ. ಬುಲ್ಗುಕ್ಸಾಕ್ಕೆ ಹೋಗುವಾಗ 11, ವಾಪಸ್ಸು 10. ಉಲ್ಟಾ ಹತ್ತಿದರೆ ಬೊಮುನ್ ಕೆರೆಯ ಕಡೆಯಿಂದ ಸುತ್ತಿಸಿಕೊಂಡು ಬರುತ್ತದೆ. ಬುಲ್ಗುಕ್ಸಾದಿಂದ ಸೊಕ್ಗುರಾಮ್ ಗುಹೆಗೆ 12ನೇ ಬಸ್ಸು, ಹೆಚ್ಚುಕಮ್ಮಿ ಗಂಟೆಗೊಂದು. ಅದರ ಸಮಯವನ್ನು ಮೊದಲು ನೋಡಿಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಒಂದು ತಪ್ಪಿದರೆ ಇಡೀ ಮಧ್ಯಾಹ್ನ ಹಿಂದೆ ಸರಿಯುತ್ತದೆ. ಗುಡ್ಡದ ಕಾಲುದಾರಿಯೂ ಇದೆ, ಆದರೆ ಪೂರ್ತಿ ಏರು. ಅಮ್ಮನಿಗೆ ಬೇಡ.

ಬಸ್ಸಿಳಿದ ಮೇಲೆ ಸೊಕ್ಗುರಾಮ್‌ಗೆ ಮರಗಳ ನಡುವಿನ ಮಣ್ಣುದಾರಿ, ಹತ್ತು ಹದಿನೈದು ನಿಮಿಷ, ಬಹುತೇಕ ಸಮತಟ್ಟು. ಮೆಟ್ಟಿಲು ಬರುವುದು ಕೊನೆಯಲ್ಲಿ ಮಾತ್ರ. ಗುಹೆಯೊಳಗಿನ ಬುದ್ಧನ ವಿಗ್ರಹವನ್ನು ಗಾಜಿನ ಆಚೆಯಿಂದ ನೋಡಬೇಕು, ಫೋಟೊ ತೆಗೆಯುವಂತಿಲ್ಲ. ಬುಲ್ಗುಕ್ಸಾದ ಮುಂಭಾಗದಲ್ಲಿ ಎದ್ದು ಕಾಣುವ ಕಲ್ಲಿನ ಮೆಟ್ಟಿಲುಸೇತುವೆ ನೋಡಿ ಅಮ್ಮ ಹೆದರುವುದು ಬೇಡ, ಅದನ್ನು ಯಾರಿಗೂ ಹತ್ತಲು ಬಿಡುವುದಿಲ್ಲ. ಪಕ್ಕದ ದಾರಿಯಿಂದಲೇ ಒಳಗೆ ಹೋಗುವುದು. ಅಂಗಳದ ಬಲಗಡೆಯ ದಬೊತಾಪ್ ಗೋಪುರವನ್ನು ನಿಧಾನವಾಗಿ ನೋಡಿ, 10 ವೋನ್ ನಾಣ್ಯದ ಮೇಲಿರುವುದು ಅದೇ. 2023ರ ಮೇ ತಿಂಗಳಿನಿಂದ ಎರಡೂ ಕಡೆ ಪ್ರವೇಶ ಶುಲ್ಕವಿಲ್ಲ.

ವಾಪಸ್ಸು ಬರುವಾಗ ನ್ಯಾಷನಲ್ ಮ್ಯೂಸಿಯಂ ಬಳಿ ಇಳಿಯಿರಿ. ಆಮೇಲೆ ವೊಲ್ಜಿ ಕೊಳ, ನಡೆಯುವಷ್ಟೇ ದೂರ, ಟಿಕೆಟ್ 3,000 ವೋನ್. ನಿಮಗೆ ತಿಂಗಳು ಅನುಕೂಲವಾಗಿದೆ. ಅಕ್ಟೋಬರ್ ಕೊನೆಗೆ ಸೂರ್ಯ ಐದೂವರೆ ಸುಮಾರಿಗೆ ಮುಳುಗುತ್ತಾನೆ, ಆರು ಗಂಟೆಗೆಲ್ಲ ದೀಪದ ಬೆಳಕು ನೀರಿನಲ್ಲಿ ಚೆನ್ನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಹೋದವರು ಇದಕ್ಕಾಗಿ ಎಂಟರ ತನಕ ಕಾಯಬೇಕು.

ಉತ್ತರ 2

ಮೇಲಿನದು ಸರಿ, ಆದರೆ ನೀವಿರುವುದು ಹೇವುಂದೆಯಲ್ಲಿ ಅನ್ನುವುದನ್ನು ಮರೆಯಬಾರದು. ಬೂಸಾನ್‌ನಲ್ಲಿ ಯಾವ ಊರಿಗೆ ಅನ್ನುವುದಕ್ಕಿಂತ ಮೊದಲು ಯಾವ ಟರ್ಮಿನಲ್ ಅಂತ ನೋಡಬೇಕು. ನೊಪೊ ಉತ್ತರದ ತುದಿ, ಮೆಟ್ರೊ 1ನೇ ಲೈನಿನ ಕೊನೇ ಸ್ಟೇಷನ್. ಗ್ಯೊಂಗ್ಜು, ತೊಂಗ್ದೋಸಾಕ್ಕೆ ಅದು. ಸಸಾಂಗ್ ಪಶ್ಚಿಮದಲ್ಲಿ, 2ನೇ ಲೈನಿನ ಮೇಲೆ. ತೊಂಗ್ಯೊಂಗ್ ಕಡೆಗೆ ಅದು. ನಿಮ್ಮಲ್ಲಿಂದ ಎರಡೂ ದೂರವೇ. ಮನೆಬಾಗಿಲಿನಿಂದ ಟರ್ಮಿನಲ್ಲಿಗೆ ಒಂದು ಗಂಟೆ ಇಟ್ಟುಕೊಳ್ಳಿ.

ನೊಪೊಗೆ ಹೆಚ್ಚಿನವರು ಸೊಮ್ಯೊನ್ ತನಕ ಹೋಗಿ ಲೈನ್ ಬದಲಿಸುತ್ತಾರೆ, ಅದು ಸುತ್ತು. ಶಿನ್‌ಹೇವುಂದೆಯಿಂದ ದೊಂಘೇ ಲೈನ್ ರೈಲಿನಲ್ಲಿ ಗ್ಯೊದೇಗೆ ಬಂದು ಅಲ್ಲಿ 1ನೇ ಲೈನ್ ಹಿಡಿದರೆ ಒಂದೇ ಬದಲಾವಣೆ, ಸ್ಟಾಪುಗಳೂ ಕಡಿಮೆ. ಎರಡು ತೊಡಕು: ಶಿನ್‌ಹೇವುಂದೆ ಬೀಚಿನ ಪಕ್ಕದಲ್ಲಿಲ್ಲ, ಬಸ್ಸೋ ಟ್ಯಾಕ್ಸಿಯೋ ಬೇಕು. ರೈಲು ಮೆಟ್ರೊದಷ್ಟು ಪದೇಪದೇ ಬರುವುದಿಲ್ಲ, ಸಮಯ ನೋಡಿಕೊಂಡೇ ಹೊರಡಿ. ಹಣ ತುಂಬಿಸಿ ಬಸ್ಸು ಮೆಟ್ರೊಗೆ ಬಳಸುವ ಟಿ-ಮನಿ ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಅಂಗಡಿಯಲ್ಲಿ ರೀಚಾರ್ಜ್‌ಗೆ ನಗದು ಕೊಡಬೇಕು. ಸಿಟಿ ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ತೋರಿಸಿ, ಇಲ್ಲದಿದ್ದರೆ ಮುಂದಿನ ಸವಾರಿಗೆ ವರ್ಗಾವಣೆ ರಿಯಾಯಿತಿ ಸಿಗುವುದಿಲ್ಲ. ದಾರಿ ಹುಡುಕಲು ಕೊರಿಯಾದ ನೇವರ್ ಮ್ಯಾಪ್ ಆ್ಯಪ್ ಹಾಕಿಕೊಳ್ಳಿ, ಗೂಗಲ್ ಒಂದನ್ನೇ ನಂಬಿ ಹೊರಡಬೇಡಿ.

ತೊಂಗ್ದೋಸಾ ನಿಮ್ಮ ಅಮ್ಮನಿಗೆ ಹೇಳಿ ಮಾಡಿಸಿದ ಜಾಗ. ನೊಪೊದಿಂದ ಶಿನ್‌ಪ್ಯೊಂಗ್‌ಗೆ ಬಸ್ಸು, ಅರ್ಧ ಗಂಟೆಯೊಳಗೆ. ಅಲ್ಲಿಂದ ದೇವಸ್ಥಾನದ ಬಾಗಿಲಿಗೆ ನಡಿಗೆ, ಮುಂದೆ ತೊರೆಯ ಪಕ್ಕ ಹಳೇ ಪೈನ್ ಮರಗಳ ಕೆಳಗೆ ಒಂದು ಕಿ.ಮೀ. ಮೀರಿದ ಸಮತಟ್ಟು ದಾರಿ. ಮುಖ್ಯ ಮಂಟಪದಲ್ಲಿ ಬುದ್ಧನ ವಿಗ್ರಹವೇ ಇಲ್ಲ. ಬುದ್ಧನ ಅವಶೇಷ ಇಟ್ಟಿರುವ ಹಿಂದಿನ ಕಲ್ಲಿನ ವೇದಿಕೆಯ ಕಡೆಗೆ ತಿರುಗಿ ಪೂಜಿಸುತ್ತಾರೆ. ಉಲ್ಸಾನ್ ಕೆಟಿಎಕ್ಸ್ ಸ್ಟೇಷನ್ನಿನ ಫಲಕದಲ್ಲಿ ತೊಂಗ್ದೋಸಾ ಹೆಸರೂ ಇದೆ. ಅದನ್ನು ನೋಡಿ ರೈಲಿಗೆ ಬುಕ್ ಮಾಡಬೇಡಿ, ಅಲ್ಲಿಂದ ಮತ್ತೆ ಬಸ್ಸು ಹಿಡಿಯಬೇಕಾಗುತ್ತದೆ.

ಊಟ: ಬಿಬಿಂಬಾಪ್ (ತರಕಾರಿ ಹಾಕಿದ ಅನ್ನ) ಕೇಳಿ ‘ಗೋಗಿ ಪ್ಪೆ ಜುಸೆಯೊ’ ಅನ್ನಿ, ಮಾಂಸ ಹಾಕಬೇಡಿ ಅಂತ. ಜೊತೆಗೆ ಕೊಡುವ ಸಾರು ಹೆಚ್ಚಾಗಿ ಒಣಮೀನಿನದು, ಕಿಮ್ಚಿಯಲ್ಲೂ ಮೀನಿನ ಸಾಸ್ ಇರುತ್ತದೆ. ಎರಡನ್ನೂ ಬದಿಗಿಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗವಾಯಿತು. ಹಾಗಾದರೆ ತೊಂಗ್ಯೊಂಗ್ ಬಿಟ್ಟುಬಿಡಲೇ?

ಉತ್ತರ 3

ಬಿಡಬೇಡಿ, ಆದರೆ ದಿನ ಈಗಲೇ ನಿಗದಿ ಮಾಡಬೇಡಿ. ಸಸಾಂಗ್‌ನಿಂದ ಒಂದೂವರೆ ಗಂಟೆಗಿಂತ ಮೇಲೆ ಹಿಡಿಯುತ್ತದೆ. ಅಲ್ಲಿನ ಟರ್ಮಿನಲ್ ಊರ ಉತ್ತರಕ್ಕೆ, ಮಿರುಕ್ಸಾನ್ ಬೆಟ್ಟ ಹತ್ತುವ ಕೇಬಲ್ ಕಾರ್ ದಕ್ಷಿಣದ ದ್ವೀಪದಲ್ಲಿ. ಹೇವುಂದೆಯಿಂದ ಹೊರಟು ಕೇಬಲ್ ಕಾರ್ ತಲುಪಲು ಮೂರು ಗಂಟೆಗೂ ಹೆಚ್ಚು. ಅಷ್ಟು ದೂರ ಹೋದ ಮೇಲೆ ಗಾಳಿ ಜೋರಾಗಿದ್ದರೆ ಕೇಬಲ್ ಕಾರ್ ನಿಲ್ಲಿಸಿರುತ್ತಾರೆ, ಸಾಮಾನ್ಯವಾಗಿ ತಿಂಗಳ ಎರಡನೇ ಮತ್ತು ನಾಲ್ಕನೇ ಸೋಮವಾರ ರಜೆ ಬೇರೆ. ಮೂರು ದಿನದಲ್ಲಿ ಯಾವತ್ತು ಆಕಾಶ ತಿಳಿಯಾಗಿ ಗಾಳಿ ಕಡಿಮೆಯೋ ಅವತ್ತು ಹೋಗಿ, ಬೆಳಗ್ಗೆ ಹೊರಡುವ ಮುಂಚೆ ಓಡುತ್ತಿದೆಯೇ ಅಂತ ಖಚಿತ ಮಾಡಿಕೊಳ್ಳಿ. 1,975 ಮೀಟರ್ ಉದ್ದದ ತಂತಿ. ಮೇಲಿನ ನಿಲ್ದಾಣದ ಕಟ್ಟೆಯಿಂದಲೇ ದ್ವೀಪಗಳೆಲ್ಲ ಕಾಣುತ್ತವೆ. ಮಿರುಕ್ಸಾನ್ ತುದಿಗೆ ಮರದ ಮೆಟ್ಟಿಲುಗಳಿವೆ, ಅಮ್ಮ ಕೆಳಗೇ ಕೂರಬಹುದು.

ವಾಪಸ್ ಟಿಕೆಟ್ ತೊಂಗ್ಯೊಂಗ್‌ನಲ್ಲಿ ಇಳಿದ ತಕ್ಷಣ ತೆಗೆದುಕೊಳ್ಳಿ, ಭಾನುವಾರ ಸಂಜೆ ಸೀಟು ಸಿಗುವುದು ಕಷ್ಟ. ಯಂತ್ರದಲ್ಲಿ ಬೂಸಾನ್ ಎಂದಷ್ಟೇ ನೋಡಿ ಒತ್ತಬೇಡಿ, ಪಕ್ಕದಲ್ಲಿ ಸಸಾಂಗ್ ಅಂತಿದೆಯೇ ನೋಡಿ. ಅಲ್ಲಿಂದ 2ನೇ ಲೈನ್ ನೇರ ಹೇವುಂದೆಗೆ, ಬದಲಾವಣೆಯೇ ಇಲ್ಲ.

ಗಾಳಿ ಬಿಡದಿದ್ದರೆ ಶಿನ್‌ಹೇವುಂದೆಯಿಂದ ಅದೇ ದೊಂಘೇ ಲೈನಿನಲ್ಲಿ ಎದುರು ದಿಕ್ಕಿಗೆ, ಕೊನೇ ಸ್ಟೇಷನ್ ತೇಹ್ವಾಗಾಂಗ್ ತನಕ ಹೋಗಿ. ಉಲ್ಸಾನ್‌ನ ನದಿ ತೋಟ, ಬಿದಿರು ಮೆಳೆ, ಪೂರ್ತಿ ಸಮತಟ್ಟು. ಸ್ಟೇಷನ್ನಿಗೂ ತೋಟಕ್ಕೂ ಒಂದೇ ಹೆಸರಾದರೂ ನಡುವೆ ಊರೇ ಇದೆ, ಸಿಟಿ ಬಸ್ಸು ಹಿಡಿಯಿರಿ.