ನಾಯಿ, ಬೆಕ್ಕಿರುವ ಮನೆಗೆ ಹಂದಿಮರಿ: ಡಾಕ್ಟರನ್ನು ಕೇಳಿ

ಸುಮಾ: ಡಾಕ್ಟ್ರೇ, ಹಂದಿಮರಿ ತಂದು ಒಂದು ವಾರ ಆಯ್ತು. ನಮ್ಮ ನಾಯಿಗೆ ಅದನ್ನು ಕಂಡರೆ ತುಂಬಾ ಇಷ್ಟ, ಅಲ್ಲಾಡದೆ ಅದನ್ನೇ ನೋಡುತ್ತಾ ನಿಂತಿರುತ್ತೆ. ನಿನ್ನೆ ಮರಿಯ ಕಿವಿ ಬುಡದಲ್ಲಿ ಸಣ್ಣ ತೂತಿನಂಥ ಗಾಯ ಕಾಣಿಸಿತು, ಆಟದಲ್ಲಿ ತಾಗಿರಬೇಕು. ನಾಳೆಯಿಂದ ಇಬ್ಬರಿಗೂ ಕೆಲಸ ಇದೆ. ಎರಡನ್ನೂ ಒಟ್ಟಿಗೆ ಬಿಟ್ಟು ಹೋಗಬಹುದಾ?

ಮಧು: ಟೀಕಪ್ ಹಂದಿ ಎಷ್ಟು ದೊಡ್ಡದಾಗುತ್ತೆ?

ಡಾಕ್ಟರ್: ಮಧು, ಟೀಕಪ್ ಅನ್ನೋ ತಳಿಯೇ ಇಲ್ಲ, ಅದು ಪುಟ್ಟದಾಗೇ ಇರುತ್ತೆ ಅಂತ ಮಾರುವವರು ಕಟ್ಟಿದ ಹೆಸರು. ಮೂರು ವರ್ಷ ದಾಟಿದರೂ ಬೆಳೆಯುತ್ತಲೇ ಇರುತ್ತೆ. 50 ಕೆ.ಜಿ. ಆದರೆ ಆಶ್ಚರ್ಯಪಡಬೇಡಿ.

ಡಾಕ್ಟರ್: ಸುಮಾ, ಒಂದು ನಿಮಿಷವೂ ಬಿಡಬೇಡಿ. ನೀವು ಹೇಳ್ತಿರೋದು ಪ್ರೀತಿ ಅಲ್ಲ, ಹೊಂಚು. ಬಾಯಿ ಮುಚ್ಚಿಕೊಂಡು, ಮೈ ಬಿಗಿಹಿಡಿದು, ರೆಪ್ಪೆ ಬಡಿಯದೆ ನೋಡುತ್ತಿದ್ದರೆ ಬೇಟೆ ಬುದ್ಧಿ ಎದ್ದಿದೆ ಅಂತಲೇ ತಿಳಿಯಿರಿ, ಬಾಲ ಆಡಿಸುತ್ತಿದ್ದರೂ ಅಷ್ಟೇ. ಹಂದಿ ಆಟಕ್ಕೆಂದು ಮೂತಿಯಿಂದ ತಿವಿಯುತ್ತೆ, ನಾಯಿಗೆ ಅದು ಜಗಳಕ್ಕೆ ಕರೆದ ಹಾಗೆ. ಮರಿಯನ್ನು ಎತ್ತಿದರೆ ಕಿರುಚಿಕೊಳ್ಳುತ್ತಲ್ವಾ, ಆ ಕಿರುಚಾಟಕ್ಕೆ ಎಷ್ಟೋ ಸಾಧು ನಾಯಿಗಳೂ ಕೆರಳಿ ಮೇಲೆ ಹಾರಿಬಿಡುತ್ತವೆ, ಹಾಗಾಗಿ ನಾಯಿ ಎದುರಿಗೆ ಎತ್ತಲೇಬೇಡಿ. ಇಬ್ಬರಿಗೂ ಬೇರೆ ಕೋಣೆ, ಊಟವೂ ಬೇರೆ. ಗಾಯದ ವಿಷಯ: ಕೋರೆಹಲ್ಲು ಚುಚ್ಚಿದ್ದು ಮೇಲೆ ಸಾಸಿವೆಯಷ್ಟೇ ಕಂಡರೂ ಒಳಗೆ ಆಳ ಇರುತ್ತೆ, ಕೀವು ಕಟ್ಟುತ್ತೆ. ಇವತ್ತೇ ತೋರಿಸಿ.

ರವಿ: ಎಲ್ಲದಕ್ಕೂ ನಾಯಿಯದ್ದೇ ತಪ್ಪು! ನಮ್ಮ ಮನೇಲಿ ಎರಡೂ ಒಂದೇ ಚಾಪೆ ಮೇಲೆ ಮಲಗುತ್ತವೆ.

ಗಿರೀಶ್: ನಿಮ್ಮ ಹಂದಿ ನಾಯಿಯ ಎರಡರಷ್ಟಿದೆ ರವಿ, ಫೋಟೋ ನೋಡಿದ್ದೇವೆ. ಇಲ್ಲಿ ಮಾತಾಡ್ತಿರೋದು ಮರಿ ಬಗ್ಗೆ.

ರವಿ: ನೀವು ಜನ್ಮದಲ್ಲಿ ನಾಯಿ ಸಾಕಿದ್ದೀರಾ?

ಗಿರೀಶ್: ಹಂದಿ ಸಾಕಿದ್ದೇನೆ. ನಾಯಿ ಕಚ್ಚಿ ಅರ್ಧ ಕಿವಿ ಹೋಗಿರೋ ಹಂದಿ. ಸಾಕಾ?

ಲತಾ: ಮೊಲ ಇರೋ ಮನೆಗೆ ತರಬಹುದಾ?

ನಂದಿನಿ: ಬಂದಿದ್ದನ್ನು ಹಾಗೇ ಕಳಿಸ್ತಿದ್ದೇನೆ: "ಹಂದಿಯ ಕಜ್ಜಿಗೆ ಗಾಡಿಯ ಹಳೇ ಎಂಜಿನ್ ಆಯಿಲ್ ಹಚ್ಚಿ, ಮೂರೇ ದಿನದಲ್ಲಿ ಮಾಯ."

ಡಾಕ್ಟರ್: ನಂದಿನಿ, ದಯವಿಟ್ಟು ಅಳಿಸಿ. ಆ ಆಯಿಲ್ ಹಂದಿಗೂ ವಿಷ, ಅದನ್ನು ನೆಕ್ಕೋ ನಾಯಿಗೂ ವಿಷ, ತಾಗಿದ ಮೈಯನ್ನು ನೆಕ್ಕಿಕೊಳ್ಳೋ ಬೆಕ್ಕಿಗೂ ವಿಷ. ಕಜ್ಜಿಹುಳಕ್ಕೆ ಔಷಧಿ ಇದೆ, ತೂಕ ನೋಡಿ ಕೊಡಬೇಕು. ಹಂದಿಗೆ ತಂದ ಐವರ್ಮೆಕ್ಟಿನ್ ಅನ್ನೋ ಹುಳದ ಔಷಧಿ ಉಳಿದಿದೆ ಅಂತ ನಾಯಿಗೂ ಹಾಕೋ ಬುದ್ಧಿವಂತರು ಇರ್ತಾರೆ, ಕೋಲಿ ಥರದ ತಳಿಗಳಿಗೆ ಅದರಿಂದ ಜೀವವೇ ಹೋಗಬಹುದು.

ನಂದಿನಿ: ಒಳ್ಳೇದಾಗಲಿ ಅಂತ ಹಾಕಿದ್ದು. ಇಷ್ಟು ಸಿಡುಕು ಯಾಕೆ?

ರವಿ: ಇಲ್ಲಿ ಡಾಕ್ಟರ್ ಬಿಟ್ಟರೆ ಬೇರೆ ಯಾರೂ ಮಾತಾಡಬಾರದು ಅನ್ಸುತ್ತೆ.

ಪ್ರವೀಣ್: ನಾಯಿ ಊಟ ಹಂದಿ ತಿಂದರೆ ಪರವಾಗಿಲ್ವಾ?

ಡಾಕ್ಟರ್: ಬೇಡ. ಉಪ್ಪು, ಪ್ರೋಟೀನ್ ಜಾಸ್ತಿ. ಉಪ್ಪು ತಿಂದ ಹಂದಿಗೆ ನೀರು ಸಿಗದಿದ್ದರೆ ಮಿದುಳು ಊದಿ ಫಿಟ್ಸ್ ಬರುತ್ತೆ. ನೀರು ಯಾವ ಹೊತ್ತೂ ಇರಲಿ.

ಅನಿಲ್: ಟೀಕಪ್ ಆದ್ರೆ ಸಣ್ಣ ಮನೆಗೆ ಸರಿ ಅಲ್ವಾ?

ಡಾಕ್ಟರ್: ಮೇಲೆ ಓದಿ.

ಲತಾ: ಮೊಲ?

ಸುಮಾ: ಡಾಕ್ಟ್ರೇ, ಮನೇಲಿದ್ದ ಮುಲಾಮು ಹಚ್ಚಿದೆ. ಊತ ಇನ್ನೂ ಜಾಸ್ತಿ ಆಗಿದೆ, ಮರಿ ಏನೂ ತಿಂದಿಲ್ಲ.

ಡಾಕ್ಟರ್: ಹಂದಿ ಊಟ ಬಿಟ್ಟರೆ ಕಾಯೋ ಮಾತೇ ಇಲ್ಲ. ಫೋನ್ ಕೆಳಗಿಟ್ಟು ಹೊರಡಿ.

ಸುಮಾ: ಹೊರಟೆವು. ನಾಯಿಯನ್ನೂ ಕರ್ಕೊಂಡು ಹೋಗಬೇಕಾ?

ಡಾಕ್ಟರ್: ಅದೇ ಕಾರಲ್ಲಾ?! ಬೇಡ ತಾಯಿ. ಅದರ ರೇಬಿಸ್ ಲಸಿಕೆ ಚೀಟಿ ತಗೊಂಡು ಹೋಗಿ ಸಾಕು.